ಫಳಫಳ ಹೊಳೆಯುವ ಹಳೆಯ ಚಾಕು ಕೊಳ್ಳುವವರೇ, ಮೊದಲು ಅದರ ಬಾಯಿ ನೋಡಿ

ಬಳಸಿದ ಚಾಕು ಕೊಳ್ಳುವ ಯೋಚನೆ ಇರುವವರು ಇದನ್ನು ಓದಿ, ಆಮೇಲೆ ಹಣ ಕಳುಹಿಸಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: ಕಾರ್ಬನ್ ಸ್ಟೀಲಿನ ಅಡುಗೆಮನೆಯ ದೊಡ್ಡ ಚಾಕು, ಗಡಸುತನ ರಾಕ್‌ವೆಲ್ ಮಾಪನದಲ್ಲಿ 60ಕ್ಕಿಂತ ಹೆಚ್ಚು, ‘ಬಳಸಿದ್ದೇ ಕಡಿಮೆ, ಕಾರ್ಖಾನೆಯ ಹರಿತ ಹಾಗೆಯೇ ಇದೆ’. ಚಿತ್ರಗಳಿಗೇನೂ ಬರವಿರಲಿಲ್ಲ. ಹಿಡಿಯದು, ಬೆನ್ನಿನದು, ಅಲಗಿನ ಮೇಲಿನ ಮುದ್ರೆಯದು, ಎಲ್ಲವೂ ಇದ್ದವು. ಬಾಯಿಯದು ಮಾತ್ರ ಒಂದೂ ಇಲ್ಲ. ಕೇಳಿದೆ. ಚಿತ್ರದ ಬದಲು ವಿಡಿಯೊ ಬಂತು. ಇಳಿಬಿಟ್ಟು ಹಿಡಿದ ಕಾಗದವನ್ನು ಚಾಕು ಸರ್ರನೆ ಸೀಳಿಕೊಂಡು ಹೋಗುತ್ತದೆ. ಕೆಳಗೆ ಒಂದು ಸಾಲು: ‘ಇದಕ್ಕಿಂತ ಸಾಕ್ಷಿ ಬೇಕೇ ಸರ್?’

ಆ ವಿಡಿಯೊವನ್ನು ನಾನು ಮನೆಯವರಿಗೆಲ್ಲ ತೋರಿಸಿ, ಎಂಥ ಚಾಕು ಸಿಕ್ಕಿದೆ ನೋಡಿ ಎಂದು ಬೀಗಿದ್ದೆ. ಈಗ ಅವರು ಆ ಮಾತು ಎತ್ತಿದರೆ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ಚಾಕು ಬಂದಾಗ ಅಲಗು ಕನ್ನಡಿಯಾಗಿತ್ತು. ಮುಖ ಕಾಣುವಷ್ಟು ಪಾಲಿಷ್. ಕಡಿಮೆ ಬಳಸಿದ ಚಾಕುವಿಗೆ ಇಷ್ಟೊಂದು ಪಾಲಿಷ್ ಏಕೆ ಬೇಕಾಯಿತು ಎಂಬ ಪ್ರಶ್ನೆ ಆಗ ಯಾರಿಗೆ ಹೊಳೆಯುತ್ತದೆ? ಮೊದಲ ಸಲ ತರಕಾರಿ ಹೆಚ್ಚಿದಾಗ ಚೆನ್ನಾಗಿಯೇ ಓಡಿತು. ಸ್ವಲ್ಪ ಹೊತ್ತಿಗೆ ಜಾರತೊಡಗಿತು. ಅದೇ ಸಂಜೆ ಅದೇ ಬಗೆಯ ಕಾಗದ ಹಿಡಿದು ಸೀಳಲು ಹೋದರೆ ಅರ್ಧಕ್ಕೆ ತಡೆದು, ಹರಿದು, ಮುದುಡಿತು. ಇಷ್ಟೇ ಅಲ್ಲ. ಹೆಚ್ಚಿದ ಹೋಳುಗಳೆಲ್ಲ ತಳದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಪೂರ್ತಿ ಬಿಡಿಸಿಕೊಂಡಿರಲೇ ಇಲ್ಲ.

ಬಾಯಿಯನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿದೆ. ಹರಿತವಾದ ಬಾಯಿ ಬೆಳಕನ್ನು ಮರಳಿಸುವುದಿಲ್ಲ. ಮೊಂಡಾದ ಜಾಗ, ಚಕ್ಕೆ ಎದ್ದ ಜಾಗ ಮಾತ್ರ ಬಿಳಿ ಚುಕ್ಕೆಯಾಗಿ ಮಿನುಗುತ್ತವೆ. ಇಲ್ಲಿ ನಡುಭಾಗದ ಉದ್ದಕ್ಕೂ ಮಿನುಗು. ಸಮತಟ್ಟಾದ ಹಲಗೆಯ ಮೇಲೆ ಬಾಯಿ ಊರಿ ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ ಬುಡದ ಹತ್ತಿರ ಸಂದು! ಚಾಕು ಹಲಗೆಗೆ ತಾಗುತ್ತಲೇ ಇಲ್ಲ. ಯಾರೋ ಅಲ್ಲೇ ಒತ್ತಿ ಒತ್ತಿ ಮಸೆದು ಕುಳಿ ಬೀಳಿಸಿದ್ದಾರೆ. ಕಾರ್ಖಾನೆಯ ಹರಿತವಂತೆ!

ಚಿತ್ರ ತೆಗೆದು ಕಳುಹಿಸಿದೆ. ಮೊದಲ ಉತ್ತರ: ‘ಸರ್, ಬಳಸಿದ ಚಾಕು ಎಂದು ಹೇಳಿಯೇ ಮಾರಿದ್ದೇನೆ.’ ಹೌದು ಮಹಾರಾಯರೇ, ಬಳಸಿದ್ದು ಎಂದಿರಿ. ಕೆಡಿಸಿದ್ದು ಎನ್ನಲಿಲ್ಲ.

ಎರಡನೆಯದು: ‘ಸಾಗಣೆಯಲ್ಲಿ ಏಟು ಬಿದ್ದಿರಬಹುದು.’ ರಟ್ಟಿನ ಒರೆ ಹಾಗೆಯೇ ಇತ್ತು, ಒಂದು ಗೀರೂ ಇರಲಿಲ್ಲ. ಎಲ್ಲಕ್ಕಿಂತ ಮೊದಲು ಮುರಿಯಬೇಕಾದ ಮೊನೆ ನೆಟ್ಟಗಿತ್ತು. ಸಾಗಣೆಯ ಏಟು ಅಷ್ಟು ಜಾಣತನದಿಂದ ನಡುಭಾಗವನ್ನೇ ಹುಡುಕಿಕೊಂಡು ಹೋಗಿ, ಬುಡದಲ್ಲಿ ಕುಳಿಯನ್ನೂ ಮಸೆದು ಬಂತೇ?

ಮೂರನೆಯದು: ‘ನೀವು ಗಾಜಿನ ಹಲಗೆಯ ಮೇಲೆ ಕತ್ತರಿಸಿದಿರಾ?’ ಇಲ್ಲ. ನಮ್ಮಲ್ಲಿರುವುದು ಮರದ ಹಲಗೆ. ಅದರ ಚಿತ್ರವನ್ನೂ ಕಳುಹಿಸಿದೆ.

ಆಮೇಲೆ ಬಂದದ್ದು ನನ್ನನ್ನು ನಿಜವಾಗಿ ಕೆರಳಿಸಿತು: ‘ಒಳ್ಳೆಯ ಚಾಕು ಎಲ್ಲರ ಕೈಗೂ ಒಗ್ಗುವುದಿಲ್ಲ. ಮಸೆಯಲು ಬರುವವರ ಹತ್ತಿರ ಕೊಡಿ, ಸರಿಹೋಗುತ್ತದೆ.’ ‘ಸರ್’ ಮಾಯವಾಗಿತ್ತು, ಗಮನಿಸಿ. ಹಣ ಕೈಸೇರುವವರೆಗೆ ನಾನು ಸರ್, ದೂರು ಕೊಟ್ಟ ಮೇಲೆ ಕೈಯಲ್ಲಿ ಚಾಕು ಹಿಡಿಯಲೂ ಬಾರದವನು.

ಸರಿ, ಮಸೆಯಲು ಬರುವವರ ಹತ್ತಿರವೇ ಕೊಟ್ಟೆ. ವರ್ಷಗಟ್ಟಲೆ ಸಾಣೆ ಹಿಡಿದ ಹಿರಿಯರು. ಭೂತಗನ್ನಡಿಯಲ್ಲಿ ನೋಡಿದರು, ಕಲ್ಲಿನ ಮೇಲೆ ಒಂದೆರಡು ಸಲ ಎಳೆದರು, ಅರ ತೆಗೆದು ತುಸು ಉಜ್ಜಿದರು. ಬುಡದ ಹತ್ತಿರ ಅರ ಜಾರಿತು. ನಡುವೆ ಕಚ್ಚಿತು, ಅಂದರೆ ಅಲ್ಲಿ ಉಕ್ಕು ಮೆತ್ತಗಾಗಿದೆ. ಒಂದೇ ಅಲಗು, ಎರಡು ಗಡಸುತನ. ‘ಇದನ್ನು ಯಂತ್ರದ ಚಕ್ರಕ್ಕೆ ಕೊಟ್ಟು ಸುಟ್ಟಿದ್ದಾರೆ’ ಎಂದರು.

ಆಗಿದ್ದು ಇಷ್ಟು. ಇಂಥ ಉಕ್ಕನ್ನು ಗಡಸುಗೊಳಿಸಿದ ಮೇಲೆ ಮತ್ತೆ ಹದವಾಗಿ ಕಾಯಿಸುತ್ತಾರೆ, ಸಾಮಾನ್ಯವಾಗಿ 150ರಿಂದ 230 ಡಿಗ್ರಿ ಸೆಲ್ಸಿಯಸ್ ಒಳಗೆ. ನೀರಿಲ್ಲದೆ ವೇಗವಾಗಿ ತಿರುಗುವ ಚಕ್ರಕ್ಕೆ ತೆಳ್ಳಗಿನ ಬಾಯಿಯನ್ನು ಒತ್ತಿದರೆ ಬಿಸಿ ಕ್ಷಣದಲ್ಲಿ ಆ ಮಿತಿಯನ್ನು ದಾಟಿ ಉಕ್ಕು ಮೆತ್ತಗಾಗುತ್ತದೆ. 300 ಡಿಗ್ರಿಯ ಆಸುಪಾಸಿನಲ್ಲಿ ಉಕ್ಕು ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿ ಕಂಡರೆ ಅಲ್ಲಿ ಹದ ಕೆಟ್ಟಿತೆಂದೇ ಲೆಕ್ಕ. ಪಾಲಿಷ್ ಹೊಡೆದರೆ ನೀಲಿ ಹೋಗುತ್ತದೆ, ಹೋದ ಗಡಸುತನ ಬರುವುದಿಲ್ಲ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದು ಮನೆ ಮಾರಿದ ಹಾಗೆ. ಈಗ ಅರ್ಥವಾಯಿತೇ, ಕನ್ನಡಿ ಹೊಳಪು ಏಕೆಂದು?

ಮತ್ತೆ ಆ ವಿಡಿಯೊ? ಅದು ಸುಳ್ಳಲ್ಲ, ಅದೇ ಹೊಟ್ಟೆ ಉರಿಸುವ ವಿಷಯ. ಮಸೆದಾಗ ಬಾಯಿಯ ತುದಿಯಲ್ಲಿ ಕೂದಲಿಗಿಂತ ತೆಳುವಾದ ಲೋಹದ ಎಳೆಯೊಂದು ಎದ್ದು ನಿಲ್ಲುತ್ತದೆ. ಬಲ್ಲವರು ಅದನ್ನು ತೆಗೆದೇ ಚಾಕು ಕೊಡುತ್ತಾರೆ. ತೆಗೆಯದಿದ್ದರೆ ಅದೇ ಎಳೆ ಕಾಗದವನ್ನು ಸೊಗಸಾಗಿ ಸೀಳುತ್ತದೆ, ಹಲಗೆಗೆ ಬಡಿದಾಗ ಮಡಚಿಕೊಳ್ಳುತ್ತದೆ. ವಿಡಿಯೊಗೆ ಅಷ್ಟು ಸಾಕಿತ್ತು.

ಸರಿಪಡಿಸಬಹುದೇ ಎಂದು ಕೇಳಿದೆ. ಸುಟ್ಟ ಉಕ್ಕು ಮುಗಿದು ಕುಳಿಯೂ ಸಮವಾಗುವವರೆಗೆ ಇಡೀ ಬಾಯಿಯನ್ನು ಕೆಳಗಿಳಿಸಬೇಕು, ಆಗ ಬಾಯಿ ದಪ್ಪವಾಗುತ್ತದೆ, ಮತ್ತೆ ಎರಡೂ ಬದಿಗಳನ್ನು ತೆಳುಮಾಡಬೇಕು ಎಂದರು. ಕೂಲಿ ಕೇಳಿದ ಮೇಲೆ ಚಾಕುವನ್ನು ಸುತ್ತಿಕೊಂಡು ಮನೆಗೆ ತಂದೆ.

ಅವರು ಹೇಳಿದ್ದನ್ನೆಲ್ಲ ಬರೆದು ಮಾರಿದವರಿಗೆ ಕಳುಹಿಸಿದೆ. ಉತ್ತರ: ‘ಅರ ಉಜ್ಜಿ ನೀವೇ ಹಾಳುಮಾಡಿದ್ದೀರಿ. ಇನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ.’ ಮೊದಲು ಮಾತ್ರ ತೆಗೆದುಕೊಳ್ಳಲು ತುದಿಗಾಲಲ್ಲಿ ನಿಂತಿದ್ದರೇನೋ! ಅದಾದ ಮೇಲೆ ನನ್ನ ಸಂದೇಶಗಳು ಅವರಿಗೆ ತಲುಪುತ್ತಲೇ ಇಲ್ಲ.

ನೀವು ಕೇಳಬೇಕಾದದ್ದು: ಬಾಯಿ ಮೇಲೆ ಮಾಡಿ ದೀಪದ ಕೆಳಗೆ ತೆಗೆದ ಚಿತ್ರ, ಹಲಗೆಯ ಮೇಲೆ ಊರಿ ಹಿಂದಿನಿಂದ ಬೆಳಕು ಬಿಟ್ಟ ಚಿತ್ರ, ಎರಡೂ ಬದಿ. ಯಾವುದರಿಂದ ಮಸೆದರು, ಕಲ್ಲೋ ಯಂತ್ರವೋ, ಅದನ್ನು ಬರಹದಲ್ಲಿ ಪಡೆಯಿರಿ. ಕಾಗದ ಸೀಳುವ ವಿಡಿಯೊ ಬಂದರೆ, ಚಾಕುವನ್ನು ಹಲಗೆಯ ಮೇಲೆ ಸ್ವಲ್ಪ ಹೊತ್ತು ಆಡಿಸಿ, ಆಮೇಲೆ ಸೀಳಿ ತೋರಿಸಿ ಎನ್ನಿ. ನುಣುಚಿಕೊಂಡರೆ ಬಿಟ್ಟುಬಿಡಿ. ಪಾಲಿಷ್ ಹೊಳೆಯುತ್ತಿದ್ದರಂತೂ ನಾನಾದರೆ ಇನ್ನು ಆ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ವಿಷಯ. ಅದೇ ವಿಡಿಯೊ ಈಗ ಮತ್ತೊಂದು ಚಾಕುವಿನ ಜಾಹೀರಾತಿನಲ್ಲಿ ಓಡುತ್ತಿದೆ. ಕೊಳ್ಳಲು ಹೊರಟವರು ವಿಡಿಯೊ ನಿಲ್ಲಿಸಿ ಹಿಡಿಯನ್ನು ನೋಡಿ. ಎರಡನೆಯ ಮೊಳೆಯ ಪಕ್ಕ ಕಪ್ಪು ಕಲೆ ಇದ್ದರೆ, ಕಾಗದ ಸೀಳುತ್ತಿರುವ ಆ ಚಾಕು ನಿಮಗೆ ಬರುವುದಿಲ್ಲ. ಅದು ನನ್ನ ಬಳಿ ಇದೆ.