ಇಪ್ಪತ್ತು ತಿಂಗಳ ಬಳಿಕ ಆನ್ ಆಗದೆ ಕುಳಿತ ಹೆಡ್‌ಫೋನ್: ತಡವಾಗಿ ಬರೆದ ವಿಮರ್ಶೆ

ಕೊಂಡ ವಾರದಲ್ಲಿಯೇ ಬರೆದಿದ್ದರೆ ಈ ಹೆಡ್‌ಫೋನಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಟ್ಟುಬಿಡುತ್ತಿದ್ದೆ. 2,799 ರೂಪಾಯಿಗೆ ಆನ್‌ಲೈನಿನಲ್ಲಿ ತರಿಸಿಕೊಂಡ, ಕಿವಿಯನ್ನು ಪೂರ್ತಿ ಮುಚ್ಚುವ ಈ ವೈರ್‌ಲೆಸ್ ಹೆಡ್‌ಫೋನನ್ನು ಇಪ್ಪತ್ತು ತಿಂಗಳು ಇಟ್ಟುಕೊಂಡ ಮೇಲೆ, ಒಂದು ದಿನ ಅದು ಗುಂಡಿ ಒತ್ತಿದರೂ ಆನ್ ಆಗದೆ ಹೋದ ಮೇಲೆ, ಅದನ್ನು ಮತ್ತೆ ನಡೆಯುವಂತೆ ಮಾಡಲು ಮೂರು ವಾರ ಓಡಾಡಿದ ಮೇಲೆ ಈಗ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವ ಕೊರತೆಗಳು ಈ ಬೆಲೆಯ ಬೇರೆ ಮಾದರಿಗಳಲ್ಲಿಯೂ ಇರಬಹುದಾದ್ದರಿಂದ, ಹೆಸರಿಗಿಂತ ಕೊರತೆಯ ಗುರುತು ಹಿಡಿಯುವುದು ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಂದರ್ಶನಗಳ ಧ್ವನಿಮುದ್ರಿಕೆಗಳನ್ನು ಕೇಳಿ ಬರಹಕ್ಕಿಳಿಸುವುದು ನನ್ನ ಕೆಲಸ; ಕೆಲಸವಿರುವ ದಿನಗಳಲ್ಲಿ ಆರು ಗಂಟೆ ಹೆಡ್‌ಫೋನ್ ತಲೆಯ ಮೇಲಿರುತ್ತದೆ. ಆ ಬಳಕೆಗೆ ಇದು ಚೆನ್ನಾಗಿಯೇ ಒದಗಿತು. ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಸಂಗೀತಕ್ಕೆ ಬೇಸ್ ಸ್ವಲ್ಪ ಅತಿಯಾಯಿತು, ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಒಟ್ಟಿಗೆ ಜೋಡಿಸಬಹುದು. ಕಿವಿಯ ಕುಶನ್ನಿನ ರೆಕ್ಸಿನ್ ಹದಿನಾಲ್ಕನೆಯ ತಿಂಗಳಿಗೆ ಸಿಪ್ಪೆ ಏಳತೊಡಗಿತು. ಅದು ನನಗೆ ದೊಡ್ಡ ದೂರಲ್ಲ. ಒಮ್ಮೆ ಚಾರ್ಜ್ ಮಾಡಿದರೆ 40 ಗಂಟೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಮೊದಲ ವರ್ಷ ಅದಕ್ಕೆ ಸಮೀಪವೇ ಬಂದಿತ್ತು.

ಎರಡು ತಿಂಗಳು ಊರಿನಲ್ಲಿದ್ದು ಬೆಂಗಳೂರಿಗೆ ಹಿಂದಿರುಗಿದ ರಾತ್ರಿ ಮೇಜಿನ ಮೇಲಿದ್ದ ಹೆಡ್‌ಫೋನನ್ನು ತೆಗೆದು ಗುಂಡಿ ಒತ್ತಿದೆ. ದೀಪ ಹತ್ತಲಿಲ್ಲ, ದನಿ ಬರಲಿಲ್ಲ. ಹೊರಡುವ ಮುನ್ನವೇ ಅದು ಬ್ಯಾಟರಿ ಕಡಿಮೆಯಿದೆ ಎಂದು ಎರಡು ಸಲ ಎಚ್ಚರಿಸಿತ್ತು. ಚಾರ್ಜಿಗೆ ಹಾಕಿದ್ದ ನೆನಪೂ ಇತ್ತು. ಮತ್ತೆ ಚಾರ್ಜಿಗೆ ಹಾಕಿ, ಆಗಲೂ ಗುಂಡಿ ಒತ್ತಿ ನೋಡಿದೆ. ಇದು ನನ್ನ ಮೊದಲ ತಪ್ಪು. ಚಾರ್ಜ್ ಆಗುತ್ತಿರುವಾಗ ಆನ್ ಆಗದಂತೆಯೇ ರೂಪಿಸಿದ ಹೆಡ್‌ಫೋನುಗಳು ಬಹಳ ಇವೆ. ನನ್ನದೂ ಅದೇ ಜಾತಿಯದು ಎಂಬ ಮಾತು ಕೈಪಿಡಿಯ ಕೊನೆಯ ಪುಟದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿತ್ತು. ಆದ್ದರಿಂದ ವೈರನ್ನು ಕಿತ್ತ ಮೇಲೆಯೇ ಗುಂಡಿಯನ್ನು ಪರೀಕ್ಷಿಸಬೇಕು. ಅದೇ ಪುಟದಲ್ಲಿ ಹೇಳಿದಂತೆ ಪವರ್ ಗುಂಡಿಯನ್ನೂ ದನಿ ಹೆಚ್ಚಿಸುವ ಗುಂಡಿಯನ್ನೂ ಒಟ್ಟಿಗೆ ಹತ್ತು ಸೆಕೆಂಡು ಅದುಮಿ ಹಿಡಿದು ರೀಸೆಟ್ ಮಾಡಲು ನೋಡಿದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಎಲ್ಲಿಯೋ ಸಿಕ್ಕಿಕೊಂಡು ನಿಂತಿದ್ದರೆ ಈ ಉಪಾಯದಿಂದ ಸರಿಹೋಗುತ್ತದೆ, ಆದರೆ ಬ್ಯಾಟರಿಯಲ್ಲಿ ಶಕ್ತಿಯೇ ಇಲ್ಲದಿದ್ದರೆ ಎಷ್ಟು ಹೊತ್ತು ಒತ್ತಿದರೂ ಬೆರಳು ನೋಯುವುದಷ್ಟೇ ಲಾಭ.

ಇಲ್ಲಿಯವರೆಗೆ ಯಾರಿಗಾದರೂ ತಿಳಿದಿರುವ ಸಂಗತಿಗಳೇ. ನಿಜವಾದ ಕಾರಣ ಸಿಕ್ಕಿದ್ದು ಮಾರನೆಯ ದಿನ, ಅದೂ ಆಕಸ್ಮಿಕವಾಗಿ. ಊರಿಗೆ ಹೋಗುವ ಕೆಲವು ದಿನಗಳ ಹಿಂದೆ ಹೊಸ ಲ್ಯಾಪ್‌ಟಾಪ್ ಕೊಂಡಿದ್ದೆ. ಅದರ ಚಾರ್ಜರಿನ ವೈರಿಗೆ ಎರಡೂ ತುದಿಯಲ್ಲಿ ಟೈಪ್-ಸಿ ಪಿನ್ನು. ಹೆಡ್‌ಫೋನಿನ ಕಿಂಡಿಯೂ ಟೈಪ್-ಸಿ ಆದ್ದರಿಂದ ಒಂದೇ ಚಾರ್ಜರ್ ಸಾಕೆಂದು ಹಳೆಯ ವೈರನ್ನು ಪೆಟ್ಟಿಗೆಗೆ ಹಾಕಿದ್ದೆ. ಆ ಹಳೆಯ ವೈರನ್ನು, ಅಂದರೆ ಒಂದು ತುದಿಯಲ್ಲಿ ಅಗಲವಾದ ಹಳೇ ಯುಎಸ್‌ಬಿ ಪಿನ್ನು ಇರುವುದನ್ನು, ಹುಡುಕಿ ಚುಚ್ಚಿದಾಗ ಬಹಳ ಹೊತ್ತಿನ ಮೇಲಾದರೂ ಕೆಂಪು ದೀಪ ಹತ್ತಿತು. ಹೊಸ ವೈರಿನಲ್ಲಿ ಅದು ಒಂದು ದಿನವೂ ಚಾರ್ಜ್ ಆಗಿರಲಿಲ್ಲ. ದೀಪ ಹತ್ತಿದೆಯೇ ಎಂದು ನೋಡುವ ಅಭ್ಯಾಸ ನನಗೆ ಇರಲಿಲ್ಲ.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಎರಡೂ ತುದಿಯಲ್ಲಿ ಟೈಪ್-ಸಿ ಇದ್ದಾಗ, ಎದುರಿಗೆ ವಿದ್ಯುತ್ ಬೇಡುವ ಸಾಧನವೊಂದು ಇದೆ ಎಂದು ಖಚಿತವಾಗುವವರೆಗೆ ಚಾರ್ಜರ್ 5 ವೋಲ್ಟನ್ನು ಹೊರಗೆ ಬಿಡುವುದೇ ಇಲ್ಲ. ಆ ಗುರುತನ್ನು ಕೊಡಬೇಕಾದುದು ಸಾಧನದ ಕಿಂಡಿಯೊಳಗಿನ, ತಲಾ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರುಗಳು, ಅಂದರೆ ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ತುಣುಕುಗಳು. ಕೆಲವು ಪೈಸೆ ಬೆಲೆಯ ಈ ಬಿಡಿಭಾಗಗಳನ್ನು ಅಗ್ಗದ ಸಾಧನಗಳಲ್ಲಿ ಕೈಬಿಡುವುದುಂಟು. ಹಳೆಯ ಬಗೆಯ ಅಗಲ ಕಿಂಡಿಯ ಚಾರ್ಜರಿನಲ್ಲಿ ಈ ಕಟ್ಟುಪಾಡು ಇಲ್ಲ. ಅಲ್ಲಿ 5 ವೋಲ್ಟು ಸದಾ ಇರುತ್ತದೆ. ಆದ್ದರಿಂದ ಅಂಥ ಸಾಧನವು ಡಬ್ಬಿಯಲ್ಲಿ ಕೊಟ್ಟ ಗಿಡ್ಡ ವೈರಿನಲ್ಲಿ ಮಾತ್ರ ಚಾರ್ಜ್ ಆಗುತ್ತದೆ, ಅದಕ್ಕಿಂತ ಎಷ್ಟೋ ಪಾಲು ಬೆಲೆಬಾಳುವ ಚಾರ್ಜರಿನಲ್ಲಿ ಆಗುವುದಿಲ್ಲ. ವೇಗದ ಚಾರ್ಜರ್ ಹೆಡ್‌ಫೋನನ್ನು ಸುಟ್ಟುಹಾಕಿತು ಎಂದು ನನ್ನ ಪಕ್ಕದ ಮನೆಯವರು ತೀರ್ಪು ಕೊಟ್ಟರು, ಅದು ಸರಿಯಲ್ಲ. ಸಾಧನವು ಕೇಳಿಕೊಳ್ಳದೆ ಅಂಥ ಚಾರ್ಜರ್ 5 ವೋಲ್ಟನ್ನು ಮೀರುವುದಿಲ್ಲ. ಇಲ್ಲಿ ಆದದ್ದು ಅತಿಯಾದ ವಿದ್ಯುತ್ತಿನ ಕಾಟವಲ್ಲ, ವಿದ್ಯುತ್ತೇ ಬಾರದ ಉಪವಾಸ.

ಉಪವಾಸದ ಫಲ ಬ್ಯಾಟರಿಯ ಮೇಲೆ ಬಿತ್ತು. ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟು, ಬರಿದಾಗುವ ಹೊತ್ತಿಗೆ ಸುಮಾರು 3 ವೋಲ್ಟು. ಹೆಡ್‌ಫೋನ್ ಆಫ್ ಆಗಿದ್ದರೂ ಒಳಗಿನ ಚಿಪ್ಪು ತುಸು ವಿದ್ಯುತ್ತನ್ನು ಹೀರುತ್ತಲೇ ಇರುತ್ತದೆ. ಮೊದಲೇ ಬರಿದಾದ ಸೆಲ್ಲನ್ನು ಎರಡು ತಿಂಗಳು ಹಾಗೆಯೇ ಬಿಟ್ಟರೆ ಅದು ಇನ್ನೂ ಕೆಳಗಿಳಿಯುತ್ತದೆ. ಸುಮಾರು ಎರಡೂವರೆ ವೋಲ್ಟಿನ ಆಸುಪಾಸಿನಲ್ಲಿ, ಸೆಲ್ಲಿನ ತಲೆಗೆ ಅಂಟಿಸಿರುವ ರಕ್ಷಣಾ ಪಟ್ಟಿ ಹೊರಗಿನ ಸಂಪರ್ಕವನ್ನು ಕಡಿದುಹಾಕುತ್ತದೆ. ಅಲ್ಲಿಂದ ಮುಂದೆ ಹೆಡ್‌ಫೋನಿನ ಪಾಲಿಗೆ ಬ್ಯಾಟರಿ ಇದ್ದೂ ಇಲ್ಲದಂತೆ. ಇಂಥ ಸೆಲ್ಲನ್ನು ಸರಿಯಾದ ವೈರಿಗೆ ಹಾಕಿದರೂ ದೀಪ ಕೂಡಲೇ ಹತ್ತುವುದಿಲ್ಲ. ಚಾರ್ಜ್ ಮಾಡುವ ಚಿಪ್ಪು ಮೊದಲು ಎಂದಿನ ಪ್ರಮಾಣದ ಹತ್ತರಲ್ಲೊಂದು ಪಾಲಿನಷ್ಟನ್ನು ಮಾತ್ರ ಹರಿಸಿ, ವೋಲ್ಟೇಜು 3ರ ಹತ್ತಿರಕ್ಕೆ ಏರಿದ ಮೇಲೆ ಪೂರ್ಣ ಪ್ರಮಾಣಕ್ಕೆ ಹೋಗುತ್ತದೆ. ಐದು ನಿಮಿಷ ಕಾದು ಕೆಟ್ಟಿತೆಂದು ತೀರ್ಮಾನಿಸುವವರು ಒಂದು ಗಂಟೆಯಾದರೂ ಕಾಯಬೇಕು ಎನ್ನುವುದು ಇದೇ ಕಾರಣಕ್ಕೆ.

ಮುನ್ನೂರು ಚಿಲ್ಲರೆ ರೂಪಾಯಿಯ ಯುಎಸ್‌ಬಿ ಮೀಟರೊಂದು ನನ್ನಲ್ಲಿತ್ತು. ಚಾರ್ಜರಿಗೂ ವೈರಿಗೂ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ತೋರಿಸುತ್ತದೆ. ಹಳೆಯ ವೈರಿನಲ್ಲಿ ಮೊದಲ 35 ನಿಮಿಷ ಅದು 0.02 ಆಂಪಿಯರ್ ತೋರಿಸಿತು, ಆಮೇಲೆ ಒಮ್ಮೆಗೇ 0.24ಕ್ಕೆ ನೆಗೆಯಿತು, ದೀಪವೂ ಆಗಲೇ ಹತ್ತಿದ್ದು. ಅಂಕಿ ಸೊನ್ನೆಯಲ್ಲಿಯೇ ನಿಂತಿದ್ದರೆ ವೈರು, ಕಿಂಡಿ ಅಥವಾ ಒಳಗಿನ ಸಂಪರ್ಕವನ್ನು ಅನುಮಾನಿಸಬೇಕಿತ್ತು. ಈ ಕೆಲಸಕ್ಕೆ ಪವರ್ ಬ್ಯಾಂಕ್ ಬಳಸಬೇಡಿ: ಹರಿವು ಇಷ್ಟು ಕಡಿಮೆಯಿದ್ದಾಗ ಎದುರಿಗೆ ಏನೂ ಇಲ್ಲವೆಂದುಕೊಂಡು ಎಷ್ಟೋ ಪವರ್ ಬ್ಯಾಂಕುಗಳು ಅರ್ಧ ನಿಮಿಷದಲ್ಲಿಯೇ ತಾವಾಗಿ ಆಫ್ ಆಗುತ್ತವೆ, ನೀವು ಹೆಡ್‌ಫೋನನ್ನು ಬೈಯುತ್ತ ಕೂರುತ್ತೀರಿ.

ಎರಡೂವರೆ ಗಂಟೆಯ ಬಳಿಕ ಹೆಡ್‌ಫೋನ್ ಆನ್ ಆಯಿತು. ಆದರೆ ಮೊದಲಿನ ಹಾಗೆ ಅಲ್ಲ. ಸಾಮರ್ಥ್ಯ 500 ಮಿಲಿ ಆಂಪಿಯರ್ ಗಂಟೆ ಎಂದು ಬರೆದಿರುವ ಸೆಲ್ಲಿಗೆ ಒಟ್ಟು 310ರಷ್ಟು ಮಾತ್ರ ಹೋಗಿತ್ತು. ಫೋನಿನಲ್ಲಿ ಶೇಕಡ 50 ಎಂದು ತೋರಿಸುತ್ತಿದ್ದಾಗಲೇ, ಸಂದರ್ಶನದ ನಡುಮಾತಿನಲ್ಲಿ, ಸದ್ದಿಲ್ಲದೆ ಆಫ್ ಆಗಿಬಿಡುತ್ತಿತ್ತು. ಮತ್ತೆ ಗುಂಡಿ ಒತ್ತಿದರೆ ಕೆಲವೊಮ್ಮೆ ಆನ್ ಆಗುತ್ತಿತ್ತು, ಕೆಲವೊಮ್ಮೆ ಇಲ್ಲ.

ಗ್ರಾಹಕ ಸೇವೆಯ ಅನುಭವವನ್ನು ಉದ್ದ ಮಾಡುವುದಿಲ್ಲ. ವಾರಂಟಿ ಒಂದೇ ವರ್ಷದ್ದು, ಮುಗಿದು ಎಂಟು ತಿಂಗಳಾಗಿತ್ತು, ಪುಕ್ಕಟೆ ರಿಪೇರಿಯನ್ನು ನಾನು ಕೇಳಲೂ ಇಲ್ಲ. ಹಣ ಕೊಡುತ್ತೇನೆ, ಬ್ಯಾಟರಿ ಬದಲಿಸಿಕೊಡಿ ಎಂದು ಮೂರು ಸಲ ಬರೆದುದಕ್ಕೆ ಬಿಡಿಭಾಗ ಮಾರುವುದಿಲ್ಲವೆಂದೂ, ಹೊಸ ಮಾದರಿಯ ಮೇಲೆ ರಿಯಾಯಿತಿ ಕೊಡುತ್ತೇವೆಂದೂ ಮೂರು ಸಲ ಒಂದೇ ಉತ್ತರ ಬಂತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿಯೇ ಒಂದು ಜಾಲತಾಣ ತೆರೆದಿದೆ; ಅದರಲ್ಲಿ ಹುಡುಕಿದೆ, ಈ ಕಂಪನಿಯ ಹೆಸರು ಸಿಗಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು ಎಂಬ ನಿಯಮ ಬರಲಿದೆ, ಕೆಲವು ವಿನಾಯಿತಿಗಳೊಂದಿಗೆ. ಅದರ ಗಾಳಿ ಈ ಕಡೆಗೂ ಬೀಸಿದರೆ ಒಳ್ಳೆಯದು. ವಾರಂಟಿ ಇನ್ನೂ ಇದ್ದೂ ಇಂಥ ಉತ್ತರ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು, ಬಿಲ್ಲು ಕೈಯಲ್ಲಿರಲಿ.

ಕೊನೆಗೆ ಎಸ್‌.ಪಿ. ರಸ್ತೆಗೆ ಹೋದೆ. ಬೆಂಗಳೂರಿನವರಿಗೆ ಸಾದರ ಪತ್ರಪ್ಪ ರಸ್ತೆಯ ಪರಿಚಯ ಹೇಳಬೇಕಿಲ್ಲ. ಟೌನ್‌ಹಾಲಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ರೆಸಿಸ್ಟರಿನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲವೂ ಸಿಗುವ ಕಿಕ್ಕಿರಿದ ಬೀದಿ. ಮೊದಲು ಭಾನುವಾರ ಹೋಗಿ ಮುಚ್ಚಿದ ಬಾಗಿಲುಗಳನ್ನು ನೋಡಿಕೊಂಡು ಬಂದದ್ದು ನನ್ನದೇ ತಪ್ಪು. ಎರಡನೆಯ ಸಲ, ಮೆಟ್ಟಿಲಿನ ಕೆಳಗೆ ಒಂದು ಮೇಜು, ಒಂದು ದೀಪ ಇಟ್ಟುಕೊಂಡು ಕೂತಿದ್ದ ರಿಪೇರಿಯವರೊಬ್ಬರು ಹೆಡ್‌ಫೋನನ್ನು ಕೈಗೆತ್ತಿಕೊಂಡು, ಬಲಗಡೆಯದನ್ನು ಬಿಟ್ಟು ಎಡಗಡೆಯ ಕುಶನ್ನನ್ನೇ ಮೊದಲು ಬಿಚ್ಚಿದರು. ಕಾರಣ ಕೇಳಿದ್ದಕ್ಕೆ, “ಗುಂಡಿ, ಬೋರ್ಡು ಎಲ್ಲ ಬಲಕ್ಕಿದೆ ಸಾರ್, ಅಂದ್ರೆ ಸೆಲ್ಲು ಎಡಕ್ಕೇ ಇರತ್ತೆ” ಎಂದರು. ಎರಡರ ನಡುವಿನ ತೆಳುವಾದ ತಂತಿಗಳು ತಲೆಪಟ್ಟಿಯೊಳಗಿನಿಂದ, ಮಡಚುವ ಕೀಲನ್ನು ದಾಟಿ ಹೋಗುತ್ತವೆ. ದಿನಕ್ಕೆ ನಾಲ್ಕು ಸಲ ಮಡಚಿ ಚೀಲಕ್ಕೆ ತುರುಕುವವರ ಹೆಡ್‌ಫೋನಿನಲ್ಲಿ ಆ ಕೀಲಿನ ಹತ್ತಿರವೇ ತಂತಿ ತುಂಡಾಗುತ್ತದೆ, ಆಗ ಸೆಲ್ ಚೆನ್ನಾಗಿದ್ದರೂ ಹೆಡ್‌ಫೋನ್ ಆನ್ ಆಗುವುದಿಲ್ಲ. ಮಡಚುವ ಕೋನ ಬದಲಾಯಿಸುತ್ತ ಗುಂಡಿ ಒತ್ತಿದಾಗ ಒಂದು ಭಂಗಿಯಲ್ಲಿ ಮಾತ್ರ ದೀಪ ಮಿನುಗಿದರೆ ಅನುಮಾನ ಅದರ ಮೇಲೆಯೇ. ನನ್ನದರಲ್ಲಿ ತಂತಿ ಗಟ್ಟಿಯಾಗಿತ್ತು. ಮಲ್ಟಿಮೀಟರ್ ಹಿಡಿದು ನೋಡಿ, “ಬೋರ್ಡು ಚೆನ್ನಾಗಿದೆ ಸಾರ್, ಸೆಲ್ಲು ಮಾತ್ರ ವೀಕು” ಎಂದು ಅವರು ಹೇಳಿದ್ದಕ್ಕೂ ನನ್ನ ಮೀಟರಿನ ಅಂಕಿಗೂ ತಾಳೆಯಾಯಿತು.

ಸೆಲ್ಲಿನ ಮೇಲೆ 602535 ಎಂದು ಅಚ್ಚಾಗಿತ್ತು. ಈ ಆರು ಅಂಕಿಗಳನ್ನು ಓದುವುದನ್ನು ಅಂದೇ ಕಲಿತೆ: 6.0 ಮಿಲಿಮೀಟರ್ ದಪ್ಪ, 25 ಅಗಲ, 35 ಉದ್ದ. ಕಂಪನಿ ಬಿಡಿಭಾಗ ಮಾರದಿದ್ದರೂ ಆ ಅಳತೆಯ ಸೆಲ್ ಎದುರಿನ ಅಂಗಡಿಯಲ್ಲಿ 180 ರೂಪಾಯಿಗೆ ಸಿಕ್ಕಿತು. ಅದಕ್ಕೂ ತಲೆಯಲ್ಲಿ ರಕ್ಷಣಾ ಪಟ್ಟಿ ಇದೆಯೇ ಎಂದು ನೋಡಿಕೊಂಡೇ ತಂದರು. ಹಳೆಯದರಲ್ಲಿ ಕೆಂಪು, ಕಪ್ಪು ತಂತಿಗಳ ಜೊತೆಗೆ ಹಳದಿಯದೊಂದು ಇತ್ತು. ಅದು ಸೆಲ್ಲಿನ ಬಿಸಿಯನ್ನು ಅಳೆಯುವ ಸಂವೇದಕದ್ದು. ಹೊಸ ಸೆಲ್ಲಿಗೆ ಎರಡೇ ತಂತಿ. ಹಳದಿಯನ್ನು ಹಾಗೆಯೇ ಬಿಟ್ಟಿದ್ದರೆ ಬಿಸಿಯ ಅಳತೆ ತಪ್ಪಾಗಿ ತಿಳಿದು ಚಿಪ್ಪು ಚಾರ್ಜ್ ಮಾಡಲು ಒಪ್ಪುತ್ತಿರಲಿಲ್ಲ. ಅವರು ಹಳೆಯ ಸಂವೇದಕವನ್ನೇ ಬಿಡಿಸಿ ಹೊಸ ಸೆಲ್ಲಿನ ಮೈಗೆ ಟೇಪಿನಿಂದ ಅಂಟಿಸಿ ಬೆಸುಗೆ ಹಾಕಿದರು. ಟೈಪ್-ಸಿ ಕಿಂಡಿಯ ಪಕ್ಕದಲ್ಲಿ ಆ ಎರಡು ರೆಸಿಸ್ಟರುಗಳನ್ನು ಹಾಕಿಕೊಡುತ್ತೀರಾ ಎಂದು ಕೇಳಿದೆ. ಬೋರ್ಡಿನಲ್ಲಿ ಅದಕ್ಕೆ ಜಾಗವನ್ನೇ ಬಿಟ್ಟಿಲ್ಲ ಎಂದು ತೋರಿಸಿದರು. ಕೂಲಿ 250 ರೂಪಾಯಿ, ಮುಕ್ಕಾಲು ಗಂಟೆಯ ಕೆಲಸ.

ಈ ಕೆಲಸವನ್ನು ಮನೆಯಲ್ಲಿ ಮಾಡಲು ಎಲ್ಲರೂ ಹೊರಡಬಾರದು. ಸೆಲ್ ಉಬ್ಬಿದ್ದರೆ ಅಥವಾ ಸಿಹಿಯಾದ ಘಾಟು ವಾಸನೆ ಬರುತ್ತಿದ್ದರೆ ಚಾರ್ಜಿಗೆ ಹಾಕುವುದನ್ನೇ ನಿಲ್ಲಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿದಾಗ ತೂತಾದರೆ ಹೊತ್ತಿಕೊಳ್ಳಬಹುದು. ಸತ್ತ ಸೆಲ್ಲಿಗೆ ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ನೇರವಾಗಿ ತಾಗಿಸಿ ಎಬ್ಬಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ತೀರಾ ಕೆಳಗಿಳಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೊಳಗೇ ಶಾರ್ಟ್ ಆಗುವ ಸಾಧ್ಯತೆಯಿದೆ. ನೂರೆಂಬತ್ತು ರೂಪಾಯಿ ಉಳಿಸಲು, ಕಿವಿಗೆ ಒತ್ತಿಕೊಂಡಿರುವ ವಸ್ತುವಿನ ಮೇಲೆ ಆ ಪ್ರಯೋಗ ನನಗೆ ಬೇಡವೆನಿಸಿತು.

ಹಾಗಾದರೆ ಅಂಕವೆಷ್ಟು? ದನಿಗೆ ನಾಲ್ಕು, ಆರಾಮಕ್ಕೆ ಮೂರೂವರೆ, ಚಾರ್ಜಿಂಗ್ ಕಿಂಡಿಗೆ ಒಂದು, ಮಾರಾಟದ ನಂತರದ ಸೇವೆಗೆ ಅರ್ಧ. ಆ ಅರ್ಧವೂ ಪತ್ರಗಳಿಗೆ ಉತ್ತರ ಬರೆದ ಸೌಜನ್ಯಕ್ಕೆ. ರಿಪೇರಿಗೆ ತೆರೆದುಕೊಳ್ಳುವ ವಿಚಾರದಲ್ಲಿ ಮಾತ್ರ ಇದು ನಾನು ಎಣಿಸಿದ್ದಕ್ಕಿಂತ ಮೇಲು: ಕುಶನ್ನಿನ ಕೆಳಗೆ ನಾಲ್ಕು ಮಾಮೂಲಿ ಸ್ಕ್ರೂ, ಸೆಲ್ಲಿಗೆ ಎರಡು ಬದಿ ಅಂಟಿನ ಟೇಪು, ಎಲ್ಲಿಯೂ ಗಟ್ಟಿ ಗೋಂದಿಲ್ಲ. ಇದು ಕಂಪನಿಯ ಉದ್ದೇಶವೋ ಖರ್ಚು ಉಳಿಸಿದ್ದರ ಪರಿಣಾಮವೋ ಹೇಳಲಾರೆ. ಅರ್ಧ ಬೆಲೆಗೆ ಸಿಕ್ಕರೆ, ಹಳೆಯ ಬಗೆಯ ವೈರು ಮನೆಯಲ್ಲಿದ್ದರೆ ಕೊಳ್ಳಬಹುದು. ಪೂರ್ತಿ ಬೆಲೆ ಕೊಡುವವರು, ಬೇರೆ ಯಾವ ಮಾದರಿಯನ್ನೇ ಕೊಂಡರೂ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಎರಡೂ ತುದಿಯ ಟೈಪ್-ಸಿ ವೈರಿನಲ್ಲಿ ಒಮ್ಮೆ ಚಾರ್ಜಿಗೆ ಹಾಕಿ ದೀಪ ಹತ್ತುತ್ತದೆಯೇ ನೋಡಲಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬರಿದಾಗಿ ಇಡಬಾರದು, ಪೂರ್ತಿ ತುಂಬಿಯೂ ಇಡಬೇಕಿಲ್ಲ. ಅರ್ಧದ ಆಸುಪಾಸಿನಲ್ಲಿದ್ದರೆ ಸಾಕು.

ಹಳೆಯ ವೈರನ್ನು ಈಗ ರಬ್ಬರ್ ಬ್ಯಾಂಡಿನಿಂದ ಹೆಡ್‌ಫೋನಿನ ಚೀಲಕ್ಕೇ ಕಟ್ಟಿಟ್ಟಿದ್ದೇನೆ. ಕಳೆದ ಸೋಮವಾರ ಬೆಳಿಗ್ಗೆ ಚಾರ್ಜಿನಿಂದ ತೆಗೆದದ್ದು, ದಿನಕ್ಕೆ ಆರು ಗಂಟೆ ದುಡಿದು, ಬ್ಯಾಟರಿ ಕಡಿಮೆಯಿದೆ ಎಂದು ಮೊದಲ ಸಲ ಹೇಳಿದ್ದು ಶನಿವಾರ ಸಂಜೆ.