ರೋಲರ್‌ಕೋಸ್ಟರ್ ಟೈಕೂನ್ ಕ್ಲಾಸಿಕ್, ಸ್ವಿಚ್‌ನಲ್ಲಿ: ಪಾರ್ಕು ನಡೆಸೋದು ಮೆಕ್ಯಾನಿಕ್

ಮನರಂಜನಾ ಪಾರ್ಕು ಕಟ್ಟಿ ನಡೆಸುವ ಈ ಆಟದ ಮೇಲೆ ಮೊದಮೊದಲು ಸಿಟ್ಟೇ ಬರುತ್ತದೆ. 1999ರಲ್ಲಿ ಕ್ರಿಸ್ ಸಾಯರ್ ಮಾಡಿದ ಮೂಲ ಆಟ ಮೌಸ್ ಹಿಡಿದು ಕೂತವರಿಗೆ ಮಾಡಿದ್ದು. ಕಿಟಕಿಯ ಮೇಲೆ ಕಿಟಕಿ, ಒಂದೊಂದರಲ್ಲೂ ಸಣ್ಣ ಸಣ್ಣ ಬಟನ್ನು. 2024ರ ಡಿಸೆಂಬರಿನಲ್ಲಿ ನಿಂಟೆಂಡೊದ ಆಟದ ಯಂತ್ರವಾದ ಸ್ವಿಚ್‌ಗೆ ಬಂದ ಕ್ಲಾಸಿಕ್‌ನಲ್ಲಿ ಇವನ್ನೆಲ್ಲ ಕಂಟ್ರೋಲರಿನ ಸ್ಟಿಕ್ಕಿನಿಂದಲೇ ಸಂಭಾಳಿಸಬೇಕು. ಕಾಲುದಾರಿಯನ್ನು ಒಂದು ಚೌಕ ಆಚೆಗೆ ಹಾಕಿ, ಅಳಿಸಿ, ಮತ್ತೆ ಹಾಕುವ ಕಿರಿಕಿರಿ ತಪ್ಪದು. 5.5 ಇಂಚಿನ ಪರದೆಯ ಸ್ವಿಚ್ ಲೈಟ್‌ನಲ್ಲಂತೂ ರೈಡಿನ ಅಂಕಿಅಂಶ ಓದಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಟಿವಿಗೆ ಹಾಕಿ ಆಡಿದರೆ ಅರ್ಧ ತೊಂದರೆ ಕಡಿಮೆ.

ಇಷ್ಟಾದರೂ ಆಟ ಕೈಬಿಡಲು ಮನಸ್ಸಾಗುವುದಿಲ್ಲ. ಕಾರಣ ಕೋಸ್ಟರ್ ಅಲ್ಲ, ಬೂದು ಬಣ್ಣದ ಒಂದು ಸಣ್ಣ ಪಟ್ಟಿ: ಪ್ರತಿ ರೈಡಿನ ನಿರ್ವಹಣೆಯ ಪುಟ.

ರೈಡ್ ಕಟ್ಟಿದ ಕೂಡಲೇ ಆ ಪುಟ ತೆರೆದು ತಪಾಸಣೆಯ ಅವಧಿ ನೋಡಿ. ಅದು 30 ನಿಮಿಷಕ್ಕೆ ನಿಂತಿರುತ್ತದೆ, 10ಕ್ಕೆ ಇಳಿಸಿ. ತಪಾಸಣೆ ಆದಾಗಲೆಲ್ಲ ರೈಡಿನ ವಿಶ್ವಾಸಾರ್ಹತೆ ಮತ್ತೆ ಏರುತ್ತದೆ, ಕೆಟ್ಟು ನಿಲ್ಲುವುದು ಕಡಿಮೆಯಾಗುತ್ತದೆ. ಮೆಕ್ಯಾನಿಕ್‌ನ ಸಂಬಳ ತಿಂಗಳಿಗೆ 80 ಪೌಂಡ್. ಒಂದು ದೊಡ್ಡ ಕೋಸ್ಟರ್ ಮುಚ್ಚಿಕೊಂಡು ಕೂತರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ. ಎರಡು ಕೋಸ್ಟರಿಗೆ ಒಬ್ಬನನ್ನು ಇಟ್ಟು, ಅವನು ತಿರುಗಾಡುವ ಜಾಗವನ್ನು ಆ ಎರಡರ ಸುತ್ತಕ್ಕೇ ಕಟ್ಟಿಹಾಕಿ. ಇಲ್ಲದಿದ್ದರೆ ಪಾರ್ಕಿನ ಆ ತುದಿಯಲ್ಲಿ ರೈಡ್ ಕೆಟ್ಟಾಗ ಈ ತುದಿಯಿಂದ ನಿಧಾನಕ್ಕೆ ನಡೆದುಕೊಂಡು ಬರುತ್ತಾನೆ, ಅಷ್ಟು ಹೊತ್ತೂ ಕ್ಯೂನಲ್ಲಿ ನಿಂತ ಜನ ಗೊಣಗುತ್ತಿರುತ್ತಾರೆ.

ಅನೇಕರು ಗಮನಿಸದ ಸಂಗತಿಯೊಂದಿದೆ. ಮೆಕ್ಯಾನಿಕ್ ರೈಡಿನೊಳಗೆ ಹೋಗುವುದು ಜನ ಹೊರಬರುವ ಬಾಗಿಲಿನಿಂದ. ಹಾಗಾಗಿ ಅಕ್ಕಪಕ್ಕದ ರೈಡುಗಳ ಹೊರಬಾಗಿಲುಗಳನ್ನು ಒಂದೇ ಗಿಡ್ಡ ಓಣಿಗೆ ತಂದು ಸೇರಿಸಿ, ಓಣಿಯ ಬಾಯಿಗೆ ‘ಪ್ರವೇಶವಿಲ್ಲ’ ಬ್ಯಾನರ್ ಹಾಕಬೇಕು. ರೈಡ್ ಮುಗಿಸಿದವರು ಆಚೆ ಬರುತ್ತಾರೆ, ಹೊಸಬರು ಒಳನುಗ್ಗುವುದಿಲ್ಲ, ಸಿಬ್ಬಂದಿಗೆ ಮಾತ್ರ ಬ್ಯಾನರಿನ ತಡೆಯಿಲ್ಲ. ಹೀಗೆ ಜೋಡಿಸಿದ ಮೂರು ರೈಡುಗಳ ಗುಂಪಿನಲ್ಲಿ ಒಬ್ಬನೇ ಮೆಕ್ಯಾನಿಕ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಬರುತ್ತಾ ಇರುವುದನ್ನು ನೋಡುವುದೇ ಒಂದು ಸುಖ. ಈ ಆಟದಲ್ಲಿ ಇದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿಲ್ಲ.

ತಪಾಸಣೆಯಿಂದಲೂ ಪೂರ್ತಿ ತಪ್ಪಿಸಲಾಗದ್ದು ಬ್ರೇಕ್ ಫೇಲ್. ಬ್ರೇಕ್ ಕೈಕೊಟ್ಟರೆ ಮೆಕ್ಯಾನಿಕ್ ಬಂದು ಸರಿಮಾಡುವ ತನಕ ರೈಲು ನಿಲ್ದಾಣಕ್ಕೆ ಅದೇ ವೇಗದಲ್ಲಿ ನುಗ್ಗುತ್ತದೆ. ಅಲ್ಲಿ ಇನ್ನೊಂದು ರೈಲು ನಿಂತಿದ್ದರೆ ಡಿಕ್ಕಿ, ಸ್ಫೋಟ, ಸಾವು. ಆಮೇಲೆ ಆ ರೈಡಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಒಂದೇ ರೈಲು ಓಡಿಸಿದರೆ ಡಿಕ್ಕಿಯ ಭಯವಿಲ್ಲ, ಆದರೆ ಕ್ಯೂ ಕರಗುವುದಿಲ್ಲ. ಸರಿಯಾದ ದಾರಿ ಬ್ಲಾಕ್ ಬ್ರೇಕ್: ಟ್ರ್ಯಾಕನ್ನು ಬ್ಲಾಕ್ ಎಂಬ ತುಂಡುಗಳಾಗಿ ಭಾಗಿಸಿ, ಒಂದು ತುಂಡಿನಲ್ಲಿ ಒಮ್ಮೆಗೆ ಒಂದೇ ರೈಲು ಇರುವಂತೆ ತಡೆಯುವ ಬ್ರೇಕ್. ನಿಲ್ದಾಣ ಒಂದು ಬ್ಲಾಕ್, ರೈಲನ್ನು ಮೇಲಕ್ಕೆ ಎಳೆಯುವ ಚೈನ್ ಲಿಫ್ಟಿನ ತುದಿ ಇನ್ನೊಂದು, ನಡುವೆ ನೀವು ಹಾಕುವ ಬ್ಲಾಕ್ ಬ್ರೇಕ್ ಮೂರನೆಯದು. ಎಷ್ಟು ಬ್ಲಾಕ್ ಇದೆಯೋ ಅದಕ್ಕಿಂತ ಒಂದು ಕಡಿಮೆ ರೈಲು, ಅಂದರೆ ಇಲ್ಲಿ ಎರಡು. ಈ ಕ್ರಮದಲ್ಲಿ ಒಂದಕ್ಕಿಂತ ಹೆಚ್ಚು ರೈಲು ಓಡುತ್ತಿದ್ದರೆ ಬ್ರೇಕ್ ಫೇಲ್ ಆಗುವುದೇ ಇಲ್ಲ. ಎಚ್ಚರ ಬೇಕಾದದ್ದು ಒಂದೇ ಕಡೆ: ಬ್ಲಾಕ್ ಬ್ರೇಕ್ ದಾಟಿದ ರೈಲು ತೀರಾ ನಿಧಾನವಾಗಿರುತ್ತದೆ. ಎತ್ತರದ ಜಾಗದಲ್ಲಿ ಹಾಕಿ, ಅದರ ಬೆನ್ನಿಗೇ ಇಳಿಜಾರು ಕೊಡಿ. ಸಮತಟ್ಟಿನಲ್ಲಿ ಹಾಕಿದರೆ ಮುಂದಿನ ಲೂಪ್ ಹತ್ತಲಾರದೆ ರೈಲು ಹಿಂದಕ್ಕೆ ಉರುಳುತ್ತದೆ.

ಕೋಸ್ಟರ್ ವಿನ್ಯಾಸದಲ್ಲಿ ಹೊಸಬರು ಎಡವುವುದು ತೀವ್ರತೆಯ ಅಂಕಿಯಲ್ಲಿ, ಅಂದರೆ ರೈಡ್ ಎಷ್ಟು ಜೋರು ಎಂದು ಆಟ ಕೊಡುವ ಅಂಕಿಯಲ್ಲಿ. ಅದು 10 ಮುಟ್ಟಿದರೆ ರೋಮಾಂಚನದ ಅಂಕ ಕಾಲು ಭಾಗ ಕಡಿತವಾಗುತ್ತದೆ, 11ಕ್ಕೆ ಮತ್ತೆ ಕಾಲು ಭಾಗ, 12ಕ್ಕೆ ಇನ್ನೊಮ್ಮೆ. ಹೆಚ್ಚಿನ ಸಲ ಇದಕ್ಕೆ ಕಾರಣ ತಿರುವಿನಲ್ಲಿ ಜನರನ್ನು ಪಕ್ಕಕ್ಕೆ ತಳ್ಳುವ ಅಡ್ಡ ಜಿ-ಬಲ. 2.8 ದಾಟಿದರೆ ತೀವ್ರತೆ ಒಮ್ಮೆಗೇ ನೆಗೆಯುತ್ತದೆ, 3.1 ದಾಟಿದರೆ ರೋಮಾಂಚನ ಅರ್ಧಕ್ಕೆ ಇಳಿಯುತ್ತದೆ. ಇಡೀ ಟ್ರ್ಯಾಕ್ ಕೆಡವಬೇಡಿ. ಪರೀಕ್ಷೆಗೆ ಓಡಿಸಿ, ಗ್ರಾಫ್ ಪುಟದಲ್ಲಿ ಅಡ್ಡ ಬಲದ ಗೆರೆ ಎಲ್ಲಿ ಚೂಪಾಗಿದೆ ನೋಡಿ, ಆ ಒಂದು ತಿರುವನ್ನು ಓರೆಯಾಗಿಸಿ ಅಥವಾ ದೊಡ್ಡದು ಮಾಡಿ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ.

ಟಿಕೆಟ್ ದರಕ್ಕೂ ಲೆಕ್ಕವಿದೆ. ಹೊಸ ರೈಡಿಗೆ ಮೊದಲ ಕೆಲ ತಿಂಗಳು ಜನ ಮಾಮೂಲಿಗಿಂತ ಒಂದೂವರೆ ಪಟ್ಟು ಬೆಲೆ ಕಟ್ಟುತ್ತಾರೆ, ವರ್ಷಗಳು ಕಳೆದಂತೆ ಅದು ಇಳಿಯುತ್ತದೆ. ಒಂದೇ ಬಗೆಯ ರೈಡ್ ಎರಡು ಕಟ್ಟಿದರೆ ಆ ಬೆಲೆಯಲ್ಲಿ ಕಾಲು ಭಾಗ ಹೋಯಿತು. ದರವನ್ನು ಒಮ್ಮೆ ಇಟ್ಟು ಮರೆಯುವವರ ಪಾರ್ಕಿನಲ್ಲಿ ಕ್ಯೂ ತಾನಾಗಿ ಖಾಲಿಯಾಗುವುದು ಇದರಿಂದಲೇ. ಮಳೆ ಶುರುವಾದ ಕೂಡಲೇ ಮಾಹಿತಿ ಕಟ್ಟೆಯಲ್ಲಿ ಕೊಡೆಯ ಬೆಲೆಯನ್ನು 20 ಪೌಂಡಿಗೆ ಏರಿಸಿ. ಜೇಬಿನಲ್ಲಿ ದುಡ್ಡಿದ್ದವರು ಚೌಕಾಸಿ ಮಾಡದೆ ಕೊಳ್ಳುತ್ತಾರೆ.

ಕಸ ಗುಡಿಸುವವನ ಪುಟದಲ್ಲಿ ಹುಲ್ಲು ಕತ್ತರಿಸುವ ಕೆಲಸವನ್ನು ತೆಗೆದುಹಾಕಿ. ಬಿಟ್ಟರೆ ದಾರಿಯಲ್ಲಿ ವಾಂತಿ ಬಿದ್ದಿದ್ದರೂ ಅವನು ಹುಲ್ಲಿನ ಮೇಲೇ ಓಡಾಡುತ್ತಾನೆ. ತಲೆ ತಿರುಗಿಸುವ ರೈಡುಗಳ ಹೊರಬಾಗಿಲಲ್ಲಿ ನಾಲ್ಕಾರು ಬೆಂಚು ಇದ್ದರೆ ಜನ ಕೂತು ಸುಧಾರಿಸಿಕೊಳ್ಳುತ್ತಾರೆ. ಬೆಂಚಿನ ಪಕ್ಕ ಕಸದ ಬುಟ್ಟಿ ಇರಲಿ.

ಇಷ್ಟು ಹೊಗಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ: ಜನ ದಾರಿ ಹುಡುಕುವ ರೀತಿ. ನೋಡಲು ಚೆಂದ ಅಂತ ಎರಡು ಚೌಕ ಅಗಲದ ದಾರಿ ಹಾಕಿದರೆ ಆಟ ಪ್ರತಿ ಚೌಕವನ್ನೂ ಒಂದು ಕವಲು ಅಂತ ಎಣಿಸುತ್ತದೆ, ಜನ ಅಲ್ಲೇ ಸುತ್ತುತ್ತಾ ‘ಹೊರಗೆ ಹೋಗುವ ದಾರಿ ಸಿಗುತ್ತಿಲ್ಲ’ ಎಂದು ಅಳುತ್ತಾರೆ, ಪಾರ್ಕಿನ ರೇಟಿಂಗ್ ಕುಸಿಯುತ್ತದೆ. ಇಷ್ಟು ವರ್ಷಗಳ ನಂತರ, ಹೊಸ ಯಂತ್ರಕ್ಕೆ ತರುವಾಗ, ಇದನ್ನಾದರೂ ಸರಿಮಾಡಬೇಕಿತ್ತು. ಒಂದೇ ಚೌಕದ ದಾರಿ, ಕಡಿಮೆ ಕವಲು. ಇದೊಂದೇ ಪರಿಹಾರ, ಅದರಿಂದ ಪಾರ್ಕಿನ ಅಂದ ಕೆಡುತ್ತದೆ.

ಕೊಳ್ಳಬೇಕೇ? ನಿಂಟೆಂಡೊಗೆ ಭಾರತದ ಹೆಸರಿನ ಇ-ಶಾಪ್ (ಆನ್‌ಲೈನ್ ಅಂಗಡಿ) ಇಲ್ಲವಾದ್ದರಿಂದ ಬೇರೆ ದೇಶದ ಖಾತೆ, ಅಲ್ಲಿನ ಬೆಲೆ ಎರಡನ್ನೂ ಲೆಕ್ಕ ಹಾಕಿ. ಆತುರವಿಲ್ಲದಿದ್ದರೆ ರಿಯಾಯಿತಿಗೆ ಕಾಯಿರಿ. ಮೊದಲೆರಡು ಆಟಗಳ ಪಾರ್ಕುಗಳ ಜೊತೆಗೆ ವ್ಯಾಕಿ ವರ್ಲ್ಡ್ಸ್, ಟೈಮ್ ಟ್ವಿಸ್ಟರ್ ಎಂಬ ಎರಡು ವಿಸ್ತರಣೆಗಳೂ ಕೂಡ ಇದರಲ್ಲೇ ಇರುವುದರಿಂದ ಬಹುಕಾಲ ಬೇರೆ ಆಟ ಬೇಕಾಗುವುದಿಲ್ಲ. ಕಂಪ್ಯೂಟರ್ ಮತ್ತು ಮೌಸ್ ಇರುವವರಿಗೆ ಮಾತ್ರ ಅಲ್ಲೇ ಆಡಿ ಎನ್ನುತ್ತೇನೆ.

ಕೊಂಡವರು ಆಟದ ಮೊದಲ ಪಾರ್ಕಾದ ಫಾರೆಸ್ಟ್ ಫ್ರಾಂಟಿಯರ್ಸ್‌ನಿಂದ ಶುರುಮಾಡಿ. ಮೊದಲ ವರ್ಷದ ಅಕ್ಟೋಬರ್ ಕೊನೆಗೆ 250 ಜನ, 600 ರೇಟಿಂಗ್ ಬೇಕು. ವರ್ಷವೆಂದರೆ ಇಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಎಂಟೇ ತಿಂಗಳು. ದೊಡ್ಡ ಕೋಸ್ಟರಿಗೆ ದುಡ್ಡು ಸುರಿಯದೆ ನಾಲ್ಕೈದು ಸಣ್ಣ ರೈಡು, ಒಂದು ಚಿಕ್ಕ ಕೋಸ್ಟರ್, ಇಬ್ಬರು ಕಸ ಗುಡಿಸುವವರು, ಒಬ್ಬ ಮೆಕ್ಯಾನಿಕ್ ಇಟ್ಟುಕೊಂಡರೆ ಗುರಿ ಮುಟ್ಟಬಹುದು. ಮೆಕ್ಯಾನಿಕ್‌ನನ್ನು ಮಾತ್ರ ಮೊದಲ ರೈಡ್ ತೆರೆಯುವ ಮುಂಚೆಯೇ ಸೇರಿಸಿಕೊಳ್ಳಿ.