ಐಟಿಐ, ಡಿಪ್ಲೊಮಾ, ಟೂಲ್ ರೂಮ್: ಮೂರೂ ಕಡೆ ಕಲಿತವನ ಹೋಲಿಕೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಹುಡುಗನಿಗೆ ಪಿಯುಸಿ ಬೇಡವಂತೆ. ಐಟಿಐಗೆ ಹಾಕೋದಾ, ಡಿಪ್ಲೊಮಾಗಾ? ಸಿಎನ್‌ಸಿ ಕೋರ್ಸ್ ಮಾಡಿದ್ರೆ ಬೇಗ ಕೆಲಸ ಸಿಗುತ್ತಂತೆ, ಹೌದಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ (ಲೋಹದ ಭಾಗಗಳನ್ನು ಉಜ್ಜಿ ಜೋಡಿಸುವ ಕೆಲಸ) ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿ, ಕೆಲಸ ಹಿಡಿದ ಮೇಲೆ ಟೂಲ್ ರೂಮ್ ಒಂದರಲ್ಲಿ (ಕಾರ್ಖಾನೆಗಳಿಗೆ ಬೇಕಾದ ಡೈ, ಅಚ್ಚು ತಯಾರಿಸುತ್ತಲೇ ಕಲಿಸುವ ಕೇಂದ್ರ) ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಷಿನ್‌ಗಳ ಅಲ್ಪಾವಧಿ ಕೋರ್ಸ್ ಮಾಡಿದವನು. ಈಗ ಪೀಣ್ಯದ ಮಷಿನ್ ಶಾಪಿನಲ್ಲಿ ಹೊಸಬರಿಗೆ ಕೆಲಸ ಕಲಿಸುವ ಹೊಣೆ ನನ್ನದು. ಮೂರೂ ಕಡೆಯಿಂದ ಬಂದವರ ಕೈ ಹೇಗೆ ಓಡುತ್ತದೆ ಎಂಬುದನ್ನು ದಿನಾ ನೋಡುತ್ತೇನೆ. ಬೇರೆ ಟ್ರೇಡ್‌ಗಳ ಬಗ್ಗೆ ಇಲ್ಲಿ ಮಾತಾಡುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯ ಕೆಲಸವೇ ಗುರಿಯಾಗಿದ್ದರೆ ಮೊದಲು ಐಟಿಐ, ಆಮೇಲೆ ಡಿಪ್ಲೊಮಾ. ನೇರವಾಗಿ ಡಿಪ್ಲೊಮಾಗೆ ಸೇರಿದರೆ 3 ವರ್ಷ. ಫಿಟ್ಟರ್ 2 ವರ್ಷ, ಲ್ಯಾಟರಲ್‌ನಲ್ಲಿ ಡಿಪ್ಲೊಮಾ ಇನ್ನೆರಡು, ಒಟ್ಟು 4. ಹೆಚ್ಚಿಗೆ ಹೋಗುವುದು ಒಂದೇ ವರ್ಷ. ಮನೆಯವರು ಆ ಒಂದು ವರ್ಷವನ್ನು ನಷ್ಟ ಅಂತ ಲೆಕ್ಕ ಹಾಕುತ್ತಾರೆ. ನಾನು ಹಾಕುವುದಿಲ್ಲ.

ಫಿಟ್ಟರ್ ಟ್ರೇಡಿನ ಮೊದಲ ತಿಂಗಳುಗಳು ಅಂದರೆ ಫೈಲಿಂಗ್, ಅರದಿಂದ ಉಜ್ಜುವ ಕೆಲಸ. ಬೆಂಚ್ ವೈಸ್‌ಗೆ ಎಂ.ಎಸ್. ಫ್ಲಾಟ್ (ಮೈಲ್ಡ್ ಸ್ಟೀಲ್ ಪಟ್ಟಿ) ಕಚ್ಚಿಸಿ ಬೆಳಗಿನಿಂದ ಸಂಜೆವರೆಗೆ ಫೈಲ್ ಹಾಕುವುದು. ಅಂಗೈಯಲ್ಲಿ ಬೊಬ್ಬೆ ಏಳುತ್ತವೆ, ಬಲ ಭುಜ ಎತ್ತಲು ಆಗುವುದಿಲ್ಲ. ಫೈಲ್ ಮುಂದಕ್ಕೆ ಹೋಗುವಾಗ ಕೈ ಸ್ವಲ್ಪ ತೂಗಿದರೂ ಎರಡೂ ಅಂಚು ಸವೆದು ನಡು ಉಬ್ಬಿಕೊಳ್ಳುತ್ತದೆ. ಬರಿಗಣ್ಣಿಗೆ ಮಾತ್ರ ಸಪಾಟಾಗಿಯೇ ಕಾಣುತ್ತದೆ. ನಮ್ಮ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಸರ್ ಜಾಬ್, ಅಂದರೆ ನಾವು ಉಜ್ಜಿದ ತುಂಡನ್ನು ಇಸಿದುಕೊಂಡು, ಮಟ್ಟ ನೋಡುವ ಟ್ರೈಸ್ಕ್ವೇರ್‌ನ ಅಲಗನ್ನು ಅದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಎರಡು ತುದಿಯಲ್ಲೂ ಕೂದಲೆಳೆಯಷ್ಟು ಬೆಳಕು ಸೋರುತ್ತಿತ್ತು. ಏನೂ ಅನ್ನದೆ ವಾಪಸ್ ಕೊಡುತ್ತಿದ್ದರು. ಮತ್ತೆ ವೈಸ್, ಮತ್ತೆ ಫೈಲ್. ಬೆಳಕು ಸೋರುವುದು ನಿಂತ ದಿನ ವೆರ್ನಿಯರ್ ಕ್ಯಾಲಿಪರ್ ಕೈಗೆ ಬಂತು. 0.02 ಮಿ.ಮೀ. ಅಂದರೆ ಎಷ್ಟು ಎಂಬುದು ಆ ಹೊತ್ತಿಗೆ ಕೈಗೇ ಗೊತ್ತಾಗಿತ್ತು.

ಇದೆಲ್ಲ ಹಳೇ ಕಾಲದ್ದು, ಸಿಎನ್‌ಸಿ ಬಂದ ಮೇಲೆ ಫೈಲಿಂಗ್ ಯಾಕೆ ಅನ್ನುವವರು ಬಹಳ ಮಂದಿ. ಮಷಿನ್ ಶಾಪಿಗೆ ಬಂದು ನೋಡಲಿ. ಕೀ ವೇಯಲ್ಲಿ (ಶಾಫ್ಟಿಗೆ ಕೊರೆದ ತೋಡು) ಕೀ ಕೂರದಿದ್ದರೆ ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಬಟನ್ ಒತ್ತಿದರೆ ಬರುವುದಿಲ್ಲ. ಐಟಿಐಯಿಂದ ಬಂದ ಹುಡುಗರು ಜಾಬನ್ನು ಹಿಡಿಯುವ ರೀತಿಯೇ ಬೇರೆ. ಮೊದಲು ಅಂಚಿನ ಬರ್ರ್ (ಎದ್ದು ನಿಂತ ಚೂಪು ಚೂರು) ಸವರಿ ನೋಡುತ್ತಾರೆ, ಆಮೇಲೆ ಅಳೆಯುತ್ತಾರೆ.

ಐಟಿಐಗೆ ಕೊರತೆಗಳೂ ಇವೆ. ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಇದ್ದರೂ ಗಣಿತ ಆಳಕ್ಕೆ ಇಳಿಯುವುದಿಲ್ಲ, "ಹೀಗೆ ಮಾಡು" ಎಂಬುದಿದೆ, "ಯಾಕೆ ಹೀಗೆ" ಎಂಬುದು ಕಮ್ಮಿ. ನಮ್ಮ ಕಾಲದಲ್ಲಿ ಮಷಿನ್‌ಗಳೂ ಹಳೆಯವು. ಈ ಎರಡನೆಯದು ಈಚೆಗೆ ಬದಲಾಗಿದೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಸುಮಾರು 4,636 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೆ ಏರಿಸಿದೆ. 2022ರ ಜೂನ್‌ನಲ್ಲಿ ಅವು ಟೆಕ್ನಾಲಜಿ ಹಬ್ ಎಂಬ ಹೆಸರಲ್ಲಿ ಉದ್ಘಾಟನೆಯಾದವು. ನಿಮ್ಮ ತಾಲ್ಲೂಕಿನ ಐಟಿಐ ಆ ಪಟ್ಟಿಯಲ್ಲಿದೆಯಾ ಎಂದು ಕೇಳಿ ತಿಳಿದುಕೊಂಡೇ ಅರ್ಜಿ ಹಾಕಿ.

ಡಿಪ್ಲೊಮಾದಲ್ಲಿ ನನಗೆ ಸಿಕ್ಕಿದ್ದು ಆ "ಯಾಕೆ". ಮೈಲ್ಡ್ ಸ್ಟೀಲ್ ಫೈಲಿಗೆ ಬಗ್ಗುತ್ತದೆ, ಹಾರ್ಡನ್ ಮಾಡಿದ ಟೂಲ್ ಸ್ಟೀಲ್ ಬಗ್ಗುವುದಿಲ್ಲ ಎಂಬುದು ಐಟಿಐಯಲ್ಲೇ ನನ್ನ ಭುಜಕ್ಕೆ ಗೊತ್ತಿತ್ತು. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ ಯುಟಿಎಂ ಎಂಬ ಎಳೆದು ಪರೀಕ್ಷಿಸುವ ಮಷಿನ್‌ಗೆ ಕಬ್ಬಿಣದ ಸರಳು ಕಚ್ಚಿಸಿ ಎಳೆದ ದಿನ ಅದರ ಒಳಗುಟ್ಟು ಕಂಡಿತು. ಲೋಡ್ ಏರುತ್ತ ಹೋಗಿ ಒಂದು ಹಂತದಲ್ಲಿ ಡಯಲ್‌ನ ಮುಳ್ಳು ತಡವರಿಸಿ ನಿಂತಿತು, ಮತ್ತೆ ಏರಿತು, ಆಮೇಲೆ ನಡುವೆ ಒಂದು ಕಡೆ ಸರಳು ಸಣ್ಣಗಾಗುತ್ತ ಬಂದು ಢಬ್ ಎಂದು ತುಂಡಾಯಿತು. ಒಂದು ತುಂಡಿನ ತುದಿಯಲ್ಲಿ ಬಟ್ಟಲಿನಂಥ ಕುಳಿ, ಇನ್ನೊಂದರಲ್ಲಿ ಆ ಕುಳಿಗೆ ಸರಿಯಾಗಿ ಕೂರುವ ಮೊನೆ. ಮುರಿದ ಜಾಗ ಮುಟ್ಟಿದರೆ ಬಿಸಿ. ಸ್ಪ್ಯಾನರ್‌ಗೆ ಪೈಪ್ ಹಾಕಿ ಬಿಗಿದ ಬೋಲ್ಟ್ ಮೊದಲು ಹಿಗ್ಗಿ ಆಮೇಲೆ ಯಾಕೆ ಕತ್ತರಿಸುತ್ತದೆ ಎಂಬುದಕ್ಕೆ ಅಷ್ಟು ವರ್ಷಕ್ಕೆ ಉತ್ತರ ಸಿಕ್ಕಿತ್ತು. ನೇರವಾಗಿ ಡಿಪ್ಲೊಮಾಗೆ ಬಂದ ನನ್ನ ಸಹಪಾಠಿಗಳು ಅದೇ ಪ್ರಯೋಗವನ್ನು ರೆಕಾರ್ಡ್ ಬುಕ್ಕಿಗೆ ಬರೆದುಕೊಂಡು ಮುಂದಿನ ಲ್ಯಾಬಿಗೆ ಹೋದರು. ಅವರ ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ ಅವರ ಬಳಿ ಇನ್ನೂ ಇರಲಿಲ್ಲ.

ಲ್ಯಾಟರಲ್‌ನಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಮೊದಲ ವರ್ಷ ಹಾರಿಸಿ ಹೋಗುವುದರಿಂದ ಆ ವರ್ಷದ ಗಣಿತವೂ ಕೈತಪ್ಪುತ್ತದೆ. ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಗೊತ್ತೇ ಇರುತ್ತದೆ ಎಂಬಂತೆ ಲೆಕ್ಚರರ್ ಪಾಠ ಮಾಡುತ್ತ ಹೋಗುತ್ತಾರೆ. ಜೊತೆಗೆ ಪಠ್ಯಪುಸ್ತಕ ಬಹುತೇಕ ಇಂಗ್ಲಿಷ್. ಐಟಿಐಯ ಎರಡನೇ ವರ್ಷದಲ್ಲೇ ಡಿಪ್ಲೊಮಾ ಮೊದಲ ವರ್ಷದ ಗಣಿತ ಪುಸ್ತಕ ತಂದು, ಯಾರಾದರೂ ತಿಳಿದವರ ಹತ್ತಿರ ಕೂತು ಕಲಿಯಲೇಬೇಕು. ನಮ್ಮ ಜೊತೆ ಲ್ಯಾಟರಲ್ ಬಂದು ಅರ್ಧಕ್ಕೆ ಬಿಟ್ಟವರೆಲ್ಲ ಸೋತಿದ್ದು ಗಣಿತದ ಬ್ಯಾಕ್‌ಲಾಗಿನಲ್ಲಿ. ಮಷಿನ್ ಮುಂದೆ ಅವರು ಎಲ್ಲರಿಗಿಂತ ಚುರುಕಾಗಿದ್ದರು.

ಮಷಿನ್ ಮುಟ್ಟುವ ಅವಕಾಶ ಡಿಪ್ಲೊಮಾದಲ್ಲಿ ಕಮ್ಮಿ. ನಾನು ಓದಿದ ಕಡೆ ಒಂದು ಲೇತ್ ಸುತ್ತ ಇಡೀ ಬ್ಯಾಚ್ ನಿಲ್ಲುತ್ತಿತ್ತು. ಇಬ್ಬರು ಓಡಿಸುತ್ತಿದ್ದರು, ಉಳಿದವರು ನೋಡುತ್ತಿದ್ದರು. 2020ರಿಂದ ಬಂದ ಸಿ-20 ಪಠ್ಯಕ್ರಮದಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್ ಸೇರಿಸಿದ್ದಾರೆ, ಒಳ್ಳೆಯ ಕೆಲಸ. ಆದರೆ ಇಂಟರ್ನ್‌ಶಿಪ್‌ಗೆ ನಮ್ಮಲ್ಲಿಗೆ ಬರುವ ಹುಡುಗ ಮೈಕ್ರೋಮೀಟರ್ ಹಿಡಿಯಲು ಅಲ್ಲೇ ಮೊದಲು ಕಲಿಯುವಂತಾದರೆ ಆ ತಿಂಗಳುಗಳು ಅದಕ್ಕೇ ಮುಗಿಯುತ್ತವೆ.

ಹಾಗಂತ ಡಿಪ್ಲೊಮಾ ಬಿಡುವಂಥದ್ದಲ್ಲ. ಐಟಿಐ ಸರ್ಟಿಫಿಕೇಟ್ ಒಂದೇ ಇದ್ದರೆ ಸೂಪರ್‌ವೈಸರ್ ಹುದ್ದೆಗೆ ಏರಲು ಬಹಳ ವರ್ಷ ಕಾಯಬೇಕು, ಎಷ್ಟೋ ಕಂಪನಿಗಳಲ್ಲಿ ಏರಲು ಬಿಡುವುದೇ ಇಲ್ಲ. ರೈಲ್ವೆಯಂಥ ಕಡೆ ಜೂನಿಯರ್ ಇಂಜಿನಿಯರ್ ಆಗಲು ಡಿಪ್ಲೊಮಾ ಬೇಕು. ರೈಲ್ವೆಯ ಟೆಕ್ನಿಷಿಯನ್ ಗ್ರೇಡ್ 3ಕ್ಕೆ ಐಟಿಐ ಕೇಳುತ್ತಾರೆ. ಎರಡೂ ಕೈಯಲ್ಲಿದ್ದವನು ಎರಡು ಕಡೆಯೂ ಅರ್ಜಿ ಹಾಕಬಹುದು. ಡಿಪ್ಲೊಮಾ ಆದವರಿಗೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗುವ ದಾರಿಯೂ ತೆರೆದಿರುತ್ತದೆ.

ಇನ್ನು ಟೂಲ್ ರೂಮ್. ನಮ್ಮ ರಾಜ್ಯದಲ್ಲಿ ಈ ಹೆಸರಿಗೆ ಮೊದಲು ನೆನಪಾಗುವುದು ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ), ಡೆನ್ಮಾರ್ಕ್ ನೆರವಿನಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಈಗ ಮೈಸೂರು, ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಸೇರಿ ಹಲವು ಊರುಗಳಲ್ಲಿ ಕೇಂದ್ರಗಳಿವೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ 3 ವರ್ಷದ್ದು, ಮೇಲೆ 1 ವರ್ಷ ಕಾರ್ಖಾನೆಯಲ್ಲಿ ತರಬೇತಿ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಇದಕ್ಕೆ ಸೀಟು ಸಿಕ್ಕಿದರೆ ನಾನು ಮೇಲೆ ಹೇಳಿದ ಐಟಿಐ, ಡಿಪ್ಲೊಮಾ ಲೆಕ್ಕವನ್ನೆಲ್ಲ ಬದಿಗಿಟ್ಟು ಸೇರಿಕೊಳ್ಳಿ ಎನ್ನುತ್ತೇನೆ. ಅದೇ 4 ವರ್ಷದಲ್ಲಿ ಕೈ ಕೆಲಸ, ಡ್ರಾಯಿಂಗ್, ಮಷಿನ್ ಎಲ್ಲ ಒಂದೇ ಸೂರಿನಡಿ ಬರುತ್ತದೆ. ಹೊರಗಿನ ಕಾರ್ಖಾನೆಗಳ ಆರ್ಡರ್‌ಗಳು ಅಲ್ಲೇ ತಯಾರಾಗುವುದರಿಂದ ವಿದ್ಯಾರ್ಥಿ ಮುಟ್ಟುವುದು ನಿಜವಾದ ಜಾಬನ್ನು. ತಗಡು ಕತ್ತರಿಸುವ ಪಂಚ್‌ಗೂ ಅದರ ಕೆಳಗಿನ ಡೈಗೂ ನಡುವಿನ ಸಂದು (ಕ್ಲಿಯರೆನ್ಸ್) ಒಂದಿಷ್ಟು ಹೆಚ್ಚಾದರೆ ತಗಡಿನ ಅಂಚಿಗೆ ಬರ್ರ್ ಬರುತ್ತದೆ, ಗಿರಾಕಿ ವಾಪಸ್ ಕಳಿಸುತ್ತಾನೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದಕ್ಕಿಂತ ಈ ಹೆದರಿಕೆ ಚೆನ್ನಾಗಿ ಕಲಿಸುತ್ತದೆ.

ನಾನು ಮಾಡಿದ್ದು ಸಿಎನ್‌ಸಿಯ ಅಲ್ಪಾವಧಿ ಕೋರ್ಸ್. ಐಟಿಐ ಬಲ ಇದ್ದವನಿಗೆ ಅದು ಬಂಗಾರ. ಜಿ01, ಎಂ03 ಕೋಡುಗಳನ್ನು ಬಾಯಿಪಾಠ ಮಾಡಲು ಹೆಚ್ಚು ದಿನ ಬೇಡ. ಟೂಲ್ ಆಫ್‌ಸೆಟ್ ತೆಗೆಯುವುದು (ಟೂಲಿನ ಅಳತೆಯನ್ನು ಮಷಿನ್‌ಗೆ ತಿಳಿಸುವುದು), ಸಿಂಗಲ್ ಬ್ಲಾಕ್‌ನಲ್ಲಿ ಒಂದೊಂದು ಸಾಲಾಗಿ ಪ್ರೋಗ್ರಾಂ ಓಡಿಸಿ ನೋಡುವುದು, ಇನ್ಸರ್ಟ್ (ಕತ್ತರಿಸುವ ಬಿಲ್ಲೆ) ಸವೆದಿದೆ ಎಂದು ಸದ್ದಿನಿಂದಲೇ ಗುರುತಿಸುವುದು, ಇವು ಅಲ್ಲಿನ ನಿಜವಾದ ಪಾಠ. ಶಾಪಿನಲ್ಲಿ ಜಾಬ್ ಕಚ್ಚಿಸಿ ಸೈಕಲ್ ಸ್ಟಾರ್ಟ್ ಒತ್ತುವವನು ಆಪರೇಟರ್, ಆಫ್‌ಸೆಟ್ ಹಾಕಿ ಮೊದಲ ಪೀಸ್ ಪಾಸ್ ಮಾಡಿಸುವವನು ಸೆಟ್ಟರ್. ಇಬ್ಬರ ಸಂಬಳಕ್ಕೂ ಅಜಗಜಾಂತರ. ಬೇರೆ ಯಾವ ತಳಹದಿಯೂ ಇಲ್ಲದೆ ಬರೀ ಸಿಎನ್‌ಸಿ ಕೋರ್ಸ್ ಮಾಡಿದವರು ಆಪರೇಟರ್ ಆಗಿಯೇ ವರ್ಷಗಟ್ಟಲೆ ಉಳಿಯುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ, ನೋಡಿದರೆ ಸಂಕಟವಾಗುತ್ತದೆ. ಕಂಪ್ಯೂಟರ್ ಸಿಮ್ಯುಲೇಟರ್ ಮೇಲಷ್ಟೇ ಕಲಿಸಿ ಸರ್ಟಿಫಿಕೇಟ್ ಕೊಡುವ ಕಡೆಗಂತೂ ದುಡ್ಡು ಸುರಿಯಬೇಡಿ.

ಸಂಬಳದ ಕೆಲಸ ಬೇಡ, ಊರಲ್ಲೇ ಮೋಟಾರ್ ರಿವೈಂಡಿಂಗ್ ಅಂಗಡಿ ಇಡುತ್ತೇನೆ ಎನ್ನುವವರು ಈ ಯಾವುದರಲ್ಲೂ ವರ್ಷ ಕಳೆಯಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಉಚಿತ ತರಬೇತಿ ಅಂಥವರಿಗಾಗಿಯೇ ಇದೆ, ಊಟ ವಸತಿಯೂ ಅವರದೇ.

ಎಲ್ಲಿಗೇ ಸೇರಿಸುವುದಾದರೂ ಅಪ್ಪ ಅಮ್ಮ ಒಮ್ಮೆ ಕೆಲಸದ ವೇಳೆಯಲ್ಲಿ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಗೋಡೆಯ ಮೇಲಿನ ಫೋಟೋ, ಹೊಸ ಮಷಿನ್‌ನ ಬಣ್ಣ ನೋಡಬೇಡಿ. ಸ್ಕ್ರ್ಯಾಪ್ ಡಬ್ಬಿ ನೋಡಿ. ಅದರಲ್ಲಿ ಕಬ್ಬಿಣದ ಸುರುಳಿ, ಕೆಟ್ಟ ಜಾಬ್‌ಗಳು ತುಂಬಿದ್ದರೆ ಮಕ್ಕಳ ಕೈಗೆ ಕೆಲಸ ಕೊಡುತ್ತಿದ್ದಾರೆ ಎಂದರ್ಥ. ಡಬ್ಬಿ ಖಾಲಿ ಇದ್ದು ಲೇತ್‌ನ ಬೆಡ್ ಮೇಲೆ ಧೂಳು ಕೂತಿದ್ದರೆ ಇನ್ನೊಂದು ಕಡೆ ವಿಚಾರಿಸಿ. ಒಬ್ಬೊಬ್ಬ ಹುಡುಗನಿಗೆ ವರ್ಷಕ್ಕೆ ಎಷ್ಟು ಹ್ಯಾಕ್ಸಾ ಬ್ಲೇಡ್, ಎಷ್ಟು ಡ್ರಿಲ್ ಬಿಟ್ ಕೊಡುತ್ತೀರಿ ಎಂದು ಕೇಳಿ. ಲೆಕ್ಕ ಇಟ್ಟವರು ತಕ್ಷಣ ಹೇಳುತ್ತಾರೆ.

ಹೆಣ್ಣುಮಕ್ಕಳ ಮನೆಯವರು ಫಿಟ್ಟರ್, ಮಷಿನಿಸ್ಟ್ ಎಂದ ಕೂಡಲೇ ಹಿಂಜರಿಯುತ್ತಾರೆ. ನಮ್ಮ ಶಾಪಿನ ಈಗಿನ ಸೆಟ್ಟರ್‌ಗಳಲ್ಲಿ ಇಬ್ಬರು ಐಟಿಐ ಮುಗಿಸಿ ಬಂದ ಹುಡುಗಿಯರು. ಮೊದಲ ಪೀಸ್ ರಿಜೆಕ್ಟ್ ಆಗುವುದು ಅವರಿಬ್ಬರ ಮಷಿನ್‌ಗಳಲ್ಲಿ ತೀರಾ ಅಪರೂಪ. ಅರ್ಜಿ ಹಾಕುವಾಗ ಮಗಳಿಗೆ ಈ ಟ್ರೇಡ್‌ಗಳನ್ನೂ ತೋರಿಸಿ, ಅವಳೇ ಆರಿಸಿಕೊಳ್ಳಲಿ.